ಉದ್ಯಮಬಾಗಿನಲ್ಲಿ ಮಾಡಿಸಿದ ಬೆಕ್ಕಿನ ಬೋನು: ಐದು ತಿಂಗಳ ಬಳಕೆಯ ನಂತರ

ಬೆಳಗಾವಿಯಲ್ಲಿ ಟಿಳಕವಾಡಿಯ ಮೂರನೇ ರೈಲ್ವೆ ಗೇಟ್ ದಾಟಿ ಖಾನಾಪುರ ರಸ್ತೆ ಹಿಡಿದರೆ ಸಿಗುವ ಉದ್ಯಮಬಾಗಿನ ಒಂದು ಸಣ್ಣ ವೆಲ್ಡಿಂಗ್ ಅಂಗಡಿಯಲ್ಲಿ ಕಳೆದ ಜುಲೈ ತಿಂಗಳಲ್ಲಿ ನಾನು ಬೆಕ್ಕು ಹಿಡಿಯುವ ಕಬ್ಬಿಣದ ಬೋನೊಂದನ್ನು ಮಾಡಿಸಿದೆ. 36 ಇಂಚು ಉದ್ದ, 12 ಇಂಚು ಅಗಲ, 14 ಇಂಚು ಎತ್ತರದ ಈ ಬೋನಿಗೆ ಅರ್ಧ ಇಂಚಿನ ಚೌಕದ ಜಾಳಿ ಹಾಕಲಾಗಿದೆ. ಒಳಗೆ ಹಿಂಬದಿಗೆ ಕಾಲಿಟ್ಟರೆ ತಗ್ಗುವ ತಗಡಿನ ಹಲಗೆ ಇದ್ದು, ಅದು ತಗ್ಗಿದೊಡನೆ ಮುಂದಿನ ಬಾಗಿಲು ಮೇಲಿನಿಂದ ಕೆಳಕ್ಕೆ ಬೀಳುತ್ತದೆ; ಹಿಂದೆ ಮೇಲಕ್ಕೆಳೆದು ತೆಗೆಯುವ ಇನ್ನೊಂದು ಬಾಗಿಲಿದೆ. ಸಾಮಾನು, ಕೂಲಿ ಎಲ್ಲ ಸೇರಿ 2,200 ರೂಪಾಯಿ ಆಯಿತು. ಈವರೆಗೆ ಇದರಲ್ಲಿ ನಾಲ್ಕು ಬೆಕ್ಕುಗಳನ್ನು ಹಿಡಿದಿದ್ದೇವೆ, ಅವುಗಳಲ್ಲಿ ಒಂದನ್ನು ಎರಡು ಸಲ. ಆದ್ದರಿಂದ ಇದರ ಗುಣದೋಷಗಳನ್ನು ಬರೆಯುವಷ್ಟು ಅನುಭವ ನನಗಾಗಿದೆ ಎಂದು ತಿಳಿದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬೋನಿನಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಕಂಡಿರುವುದು ಬಾಗಿಲು ಬೀಳಿಸುವ ಹಲಗೆಯಲ್ಲ, ಬಾಗಿಲು ಬೀಳದಂತೆ ತಡೆದು ಹಿಡಿಯುವ ಹೆಬ್ಬೆರಳುದ್ದದ ಕೊಂಡಿ. ಹಾಗೇಕೆ ಎಂಬುದು ತಿಳಿಯಬೇಕಾದರೆ ಇದನ್ನು ಯಾವ ಬೆಕ್ಕಿಗಾಗಿ ಮಾಡಿಸಿದೆನೋ ಅದರ ವಿಷಯ ಹೇಳಬೇಕು.

ಮೇ ತಿಂಗಳ ಕೊನೆಯಲ್ಲಿ, ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ, ನಮ್ಮ ಹಿತ್ತಲಿನ ನೀರಿನ ಟಾಕಿಯ ಕೆಳಗೆ ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣಗಳಿದ್ದ ಬೆಕ್ಕೊಂದು ಬಂದು ಕುಳಿತಿತ್ತು. ಕಪ್ಪು ಮತ್ತು ಕೇಸರಿ ಬಣ್ಣಗಳನ್ನು ನಿರ್ಧರಿಸುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಇಂಥ ಮೂರು ಬಣ್ಣದ ಬೆಕ್ಕು ಬಹುಮಟ್ಟಿಗೆ ಹೆಣ್ಣೇ ಆಗಿರುತ್ತದೆ. ಸಾಕಿದ ಬೆಕ್ಕು ದಾರಿ ತಪ್ಪಿ ಬಂದಿರಬಹುದೆಂದು ಅಕ್ಕಪಕ್ಕದ ಮೂರು ಗಲ್ಲಿಗಳಲ್ಲಿ ವಿಚಾರಿಸಿದೆ. ಯಾರದ್ದೂ ಅಲ್ಲವೆಂದು ತಿಳಿಯಿತು. ಅದರ ನಡವಳಿಕೆಯೂ ಅದನ್ನೇ ಹೇಳುತ್ತಿತ್ತು. ಮನುಷ್ಯರ ಜೊತೆ ಬೆಳೆದ ಬೆಕ್ಕು ಹಸಿದಾಗ ಮ್ಯಾಂವ್ ಎನ್ನುತ್ತ ಎದುರು ಬರುತ್ತದೆ, ಏಕೆಂದರೆ ದೊಡ್ಡ ಬೆಕ್ಕುಗಳು ಆ ಕೂಗನ್ನು ಹೆಚ್ಚಾಗಿ ಬಳಸುವುದು ನಮ್ಮೊಡನೆಯೇ. ಇದು ಮಾತ್ರ ಒಂದು ದನಿಯನ್ನೂ ಹೊರಡಿಸದೆ, ನಾನು ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು.

ಅವ್ವ ಮೊದಲ ದಿನವೇ ಹಾಲಿನಲ್ಲಿ ರೊಟ್ಟಿ ಚೂರು ನೆನೆಸಿ ಇಟ್ಟಳು. ನಮ್ಮ ಕಡೆಯ ಯಾವ ಮನೆಯಲ್ಲಾದರೂ ಬೆಕ್ಕಿಗೆ ಮೊದಲು ಸಿಗುವುದು ಅದೇ. ಮರುದಿನ ಬೆಕ್ಕಿಗೆ ಭೇದಿ ಹತ್ತಿತು. ಮರಿಗಳಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಇರುತ್ತದೆ, ಬೆಳೆದ ಬಹುಪಾಲು ಬೆಕ್ಕುಗಳಲ್ಲಿ ಅದು ಕುಂದಿರುತ್ತದೆ. ಅಲ್ಲದೆ ಟಾರಿನ್ ಎಂಬ ಸತ್ವವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ ಮೀನುಗಳಿಂದಲೇ ಸಿಗಬೇಕು, ಸಿಗದಿದ್ದರೆ ಕ್ರಮೇಣ ಕಣ್ಣು ಮತ್ತು ಹೃದಯ ಎರಡೂ ಕೆಡುತ್ತವೆ. ನಮ್ಮದು ಮೊಟ್ಟೆಯನ್ನೂ ತಾರದ ಮನೆ. ಆದರೂ ಈ ಮಾತು ಕೇಳಿದ ಮೇಲೆ ಅವ್ವ, ಹಿತ್ತಲಿನ ಬಾಗಿಲಿನ ಹೊರಗೆ ಬೇರೆಯೇ ತಾಟು ಬೇರೆಯೇ ಚಮಚ ಇಟ್ಟುಕೊಳ್ಳುವ ಶರತ್ತಿನ ಮೇಲೆ ಬೆಕ್ಕಿನ ಆಹಾರದ ಪೊಟ್ಟಣಗಳನ್ನು ತರಲು ಒಪ್ಪಿಕೊಂಡಳು. ಹಾಗೆ ಒಪ್ಪುವುದು ಆಕೆಗೆ ಎಷ್ಟು ಕಷ್ಟವಾಗಿತ್ತೆಂದು ಬಲ್ಲ ನಾನು ಅದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ.

ನಂತರದ ಮೂರು ವಾರ ನಾನು ಮಾಡಿದ್ದು ಬಹಳ ಕಡಿಮೆ, ಆದರೆ ಅಷ್ಟನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಆರೂವರೆಗೂ ಸಂಜೆ ಆರೂವರೆಗೂ ಅದೇ ತಾಟು, ಅದೇ ಜಾಗ. ತಾಟಿಟ್ಟು ಹದಿನೈದು ಅಡಿ ದೂರದಲ್ಲಿ ನೆಲದ ಮೇಲೆ ಓರೆಯಾಗಿ ಕುಳಿತುಕೊಳ್ಳುತ್ತಿದ್ದೆ. ನೆಟ್ಟ ನೋಟವನ್ನು ಬೆಕ್ಕು ಬೆದರಿಕೆಯೆಂದೇ ತಿಳಿಯುವುದರಿಂದ ನೇರವಾಗಿ ದಿಟ್ಟಿಸದೆ, ನಡುನಡುವೆ ಅದರ ಕಡೆ ನೋಡಿ ಕಣ್ಣುಗಳನ್ನು ನಿಧಾನವಾಗಿ ಅರೆಮುಚ್ಚಿ ತೆರೆಯುತ್ತಿದ್ದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದ ಅಪರಿಚಿತರ ಕೈಯ ಬಳಿಗೆ ಬೆಕ್ಕುಗಳು ಬರುವ ಸಂಭವ ಹೆಚ್ಚೆಂದು ಕಂಡುಬಂದಿತ್ತು. ನಮ್ಮ ಹಿತ್ತಲಿನಲ್ಲಿ ಅದು ಹನ್ನೆರಡನೇ ದಿನ ನಿಜವಾಯಿತು. ಮಳೆ ನಿಂತಿತ್ತು, ಟಾಕಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಕ್ಕು ಮೂತಿ ನೆಕ್ಕಿಕೊಂಡು ನನ್ನತ್ತ ತಿರುಗಿ, ಒಮ್ಮೆ ಎರಡೂ ಕಣ್ಣುಗಳನ್ನು ಸಾವಕಾಶವಾಗಿ ಮುಚ್ಚಿ ತೆರೆಯಿತು. ದಿನಕ್ಕೆ ಒಂದು ಗೇಣಿನಷ್ಟು ಹತ್ತಿರ ಸರಿಯುತ್ತ, ಇಪ್ಪತ್ಮೂರನೇ ದಿನ ಅದರ ಮೂಗಿನ ಎತ್ತರಕ್ಕೆ ಒಂದು ಬೆರಳು ಚಾಚಿದಾಗ ಅದು ಮೂಸಿ ನೋಡಿತು. ತಲೆಯ ಮೇಲಿನಿಂದ ಕೈ ತರುವುದನ್ನು ಮಾತ್ರ ಅದು ಇಂದಿಗೂ ಸಹಿಸುವುದಿಲ್ಲ, ನಾನೂ ಆ ಗೋಜಿಗೆ ಹೋಗುವುದಿಲ್ಲ.

ಜೂನ್ ಕೊನೆಯಲ್ಲಿ ಅದು ಮುಂದಿನ ಎಡಗಾಲನ್ನು ನೆಲಕ್ಕೆ ಊರದೆ ಬಂದಿತು. ಮೊಣಕಾಲಿನ ಮೇಲೆ ಬಾವು ಬಂದಿತ್ತು. ಗಂಡುಬೆಕ್ಕುಗಳ ಕಡಿತದಿಂದ ಹೀಗಾಗುವುದು ಸಾಮಾನ್ಯ. ಬೆಕ್ಕಿನ ಕೋರೆಹಲ್ಲು ತೆಳುವಾಗಿ ಚೂಪಾಗಿರುವುದರಿಂದ ಚರ್ಮದ ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ಪಕ್ಕದ ಮನೆಯ ಕಾಕು ಅಂತಃಕರಣದಿಂದಲೇ, ಜ್ವರದ ಮಾತ್ರೆಯಲ್ಲಿ ಅರ್ಧ ಮುರಿದು ಪುಡಿ ಮಾಡಿ ತಿನ್ನಿಸೆಂದು ಹೇಳಿದರು. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು: ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ನಿರಪಾಯಕಾರಿಯಾಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು.

ಆ ಗಾಬರಿಯಲ್ಲಿ ನಾನು ತಪ್ಪು ಮಾಡಿದೆ. ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಬುಟ್ಟಿಯನ್ನು ತಾಟಿನ ಪಕ್ಕದಲ್ಲಿಟ್ಟು, ಬೆಕ್ಕು ತಿನ್ನುತ್ತಿದ್ದಾಗ ಹಿಂದಿನಿಂದ ಟವೆಲ್ ಹಾಕಿ ಹಿಡಿದು ಒಳಗೆ ತಳ್ಳಿದೆ. ಬುಟ್ಟಿಯ ಮೇಲಿನ ಭಾಗವನ್ನು ಕೆಳಗಿನದಕ್ಕೆ ಕೂಡಿಸುವ ಕ್ಲಿಪ್‌ಗಳು ಎರಡೇ ಒದೆತಕ್ಕೆ ಕಿತ್ತುಬಂದವು. ನನ್ನ ಮುಂಗೈ ಮೇಲೆ ನಾಲ್ಕು ಗೀರು ಎಳೆದು ಬೆಕ್ಕು ಗೋಡೆ ಹಾರಿ ಹೋಯಿತು. ಆ ಬುಟ್ಟಿ ಕೈಯಲ್ಲಾಡುವ ಸಾಕುಬೆಕ್ಕಿಗೆ ಸಾಕಾದೀತು, ಮನುಷ್ಯರ ಕೈ ಕಾಣದ ಬೆಕ್ಕಿಗೆ ಎಂದೂ ಆಗದು. ಗೀರನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಆರಂಭಿಸಿದೆ. ಚರ್ಮದೊಳಗೆ ಕೊಡುವ ಆ ಲಸಿಕೆಯನ್ನು ಮೊದಲ ದಿನ, ಅನಂತರ 3, 7 ಮತ್ತು 28ನೇ ದಿನ ತೆಗೆದುಕೊಳ್ಳಬೇಕು. ಬೆಕ್ಕಿನ ಗೀರನ್ನು ಅಲಕ್ಷಿಸುವವರು ನಮ್ಮಲ್ಲಿ ಬಹಳ; ಹಾಗೆ ಮಾಡಬಾರದು.

ಬೆಕ್ಕು ಎಂಟು ದಿನ ಕಾಣಲಿಲ್ಲ. ಮೂರು ವಾರ ಕುಳಿತು ಗಳಿಸಿದ್ದನ್ನು ಒಂದು ಗಳಿಗೆಯಲ್ಲಿ ಕಳೆದೆನಲ್ಲ ಎಂಬ ದುಃಖದಲ್ಲಿಯೇ ನಾನು ಉದ್ಯಮಬಾಗಿಗೆ ಹೋದದ್ದು. ಅಂಗಡಿಯವರು ಇಲಿಬೋನು, ಕೋಳಿ ಪಂಜರ ಮಾಡಿದವರು, ಬೆಕ್ಕಿನ ಬೋನು ಅವರಿಗೂ ಹೊಸದು. ನಾನು ಕಾಗದದ ಮೇಲೆ ಗೀಚಿದ್ದನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆಯೇ ಸರಿಯಾಗಿತ್ತು: “ಅಕ್ಕಾರ, ಬಾಗಲಾ ಮ್ಯಾಲಿಂದ ತಾನ ಬೀಳೂದ ಬೇಕೋ, ಸ್ಪ್ರಿಂಗ್ ಹಾಕಿ ಹೊಡ್ಯೂದ ಬೇಕೋ?” ಸ್ಪ್ರಿಂಗ್ ಬಾಗಿಲು ಬಾಲಕ್ಕೋ ಬೆನ್ನಿಗೋ ಬಡಿದರೆ ಎಲುಬು ಮುರಿದೀತೆಂದು ನಾನು ತಾನಾಗಿ ಬೀಳುವುದನ್ನೇ ಆರಿಸಿದೆ. ಉದ್ದ 36 ಇಂಚು ಇರಲಿ ಎಂದದ್ದೂ ಅದಕ್ಕಾಗಿಯೇ. ಬೆಕ್ಕು ಹಲಗೆಯನ್ನು ತುಳಿಯುವಷ್ಟರಲ್ಲಿ ಅದರ ಬಾಲ ಪೂರ್ತಿ ಒಳಗಿರಬೇಕು. ಜಾಳಿ ಅರ್ಧ ಇಂಚಿನದೇ ಬೇಕು. ಒಂದು ಇಂಚಿನದಾದರೆ ಕಾಲು ಹೊರಚಾಚಿ ಉಗುರು ಮುರಿದುಕೊಳ್ಳುತ್ತದೆ, ಬೋನು ಎತ್ತಿದವರ ಕೈಯನ್ನೂ ಪರಚುತ್ತದೆ. ಕೊನೆಯಲ್ಲಿ ನಾನು ಬಾಗಿಲನ್ನು ತೆರೆದೇ ನಿಲ್ಲಿಸುವ ಕೊಂಡಿ ಕೇಳಿದಾಗ ಅವರು, “ಹಿಡಿಯಾಕ ಮಾಡ್ಸೂ ಬೋನಿಗೆ ಬಾಗಲಾ ಬೀಳಬಾರದು ಅಂತೀರಲ್ರಿ” ಎಂದು ನನ್ನ ಮುಖ ನೋಡಿದರು. ಆದರೆ ಹೇಳಿದಂತೆಯೇ ಮಾಡಿಕೊಟ್ಟರು.

ಒಂಬತ್ತನೇ ದಿನ ಬೆಕ್ಕು ಮರಳಿತು. ಬಾವು ತಾನಾಗಿ ಒಡೆದಿತ್ತು, ಗಾಯ ತೆರೆದಿತ್ತು, ಹತ್ತು ಅಡಿ ದೂರಕ್ಕೆ ವಾಸನೆ ಬರುತ್ತಿತ್ತು. ನಾನು ಮತ್ತೆ ಹದಿನೈದು ಅಡಿ ದೂರ ಹೋಗಿ ಕುಳಿತೆ. ಬೋನನ್ನು ತಾಟಿನ ಜಾಗದ ಹತ್ತಿರವೇ ಇಟ್ಟು, ಕೊಂಡಿ ಹಾಕಿ ಬಾಗಿಲು ತೆರೆದಿಟ್ಟು, ಮಳೆಗೆಂದು ಮೇಲೆ ಗೋಣಿಚೀಲ ಹೊದಿಸಿದೆ. ತಂತಿಯ ನೆಲ ಅಂಗಾಲಿಗೆ ಒತ್ತುವುದರಿಂದ ಬೆಕ್ಕುಗಳು ಹಿಂಜರಿಯುತ್ತವೆಂದು ಒಳಗೆ ರಟ್ಟು ಹಾಸಿ ಅದರ ಮೇಲೆ ಪೇಪರ್ ಹರಡಿದೆ. ಮೊದಲ ಎರಡು ದಿನ ತಾಟು ಬೋನಿನ ಹೊರಗಿತ್ತು, ಮೂರನೇ ದಿನ ಹೊಸ್ತಿಲಿಗೆ ಬಂತು, ಆಮೇಲೆ ದಿನವೂ ಇಷ್ಟಿಷ್ಟು ಒಳಗೆ ಸರಿಯುತ್ತ ಹೋಯಿತು. ನಾಲ್ಕನೆಯ ಸಂಜೆ ಪೇಪರಿನ ಮೇಲೆ ಎರಡು ಒದ್ದೆ ಹೆಜ್ಜೆಗಳು ಮೂಡಿದ್ದವು, ಮುಂದಿನ ಬಲಗಾಲಿನವು. ಎಡಗಾಲಿನ ಗುರುತು ಬಿದ್ದಿರಲಿಲ್ಲ. ಏಳನೇ ದಿನಕ್ಕೆ ಅದು ಪೂರ್ತಿ ಒಳಗೆ ಹೋಗಿ, ಹಲಗೆಯ ಮೇಲೆ ನಿಂತು, ತಿಂದು ಹೊರಬರುತ್ತಿತ್ತು. ಹಲಗೆ ತಗ್ಗಿದರೂ ಕೊಂಡಿ ಬಾಗಿಲನ್ನು ಹಿಡಿದಿರುತ್ತಿತ್ತು. ಅಂಗಡಿಗಳಲ್ಲಿ ಸಿಗುವ ಸಿದ್ಧ ಇಲಿಬೋನಿನ ಮಾದರಿಯಲ್ಲಿ ಇದು ಸಾಧ್ಯವೇ ಇಲ್ಲ. ಬೋನೆಂದರೆ ಊಟದ ಜಾಗ ಎಂದು ಬೆಕ್ಕು ನಂಬುವ ತನಕ ಕಾಯಲು ಬಿಡುವುದು ಆ ಕೊಂಡಿಯೊಂದೇ.

ವೈದ್ಯರೊಡನೆ ಮೊದಲೇ ಮಾತಾಡಿ ದಿನ ಗೊತ್ತುಮಾಡಿಕೊಂಡು, ಹಿಂದಿನ ಸಂಜೆ ಕೊಂಡಿ ತೆಗೆದೆ. ಆ ಬೆಳಿಗ್ಗೆ ಆಹಾರ ಕೊಟ್ಟಿರಲಿಲ್ಲ, ನೀರು ಮಾತ್ರ ಇಟ್ಟಿದ್ದೆ. ಕಾಕುವಿನ ಮೊಮ್ಮಗ ಬೋನಿನೊಳಗೆ ಕುಂದಾ ಇಡೋಣವೆಂದು ಪ್ರೀತಿಯಿಂದ ಒಂದು ಚೂರು ತಂದಿದ್ದ. ಬೆಕ್ಕಿಗೆ ಸಿಹಿ ರುಚಿ ತಿಳಿಯುವುದೇ ಇಲ್ಲ, ಆ ರುಚಿಗೆ ಬೇಕಾದ ವಂಶವಾಹಿ ಅದರಲ್ಲಿ ಕೆಲಸ ಮಾಡುವುದಿಲ್ಲವೆಂದು 2005ರಲ್ಲಿಯೇ ಗೊತ್ತಾಗಿದೆ ಎಂದು ಹೇಳಿ ಕುಂದಾವನ್ನು ಅವನಿಗೇ ತಿನ್ನಿಸಿದೆ. ಕ್ಯಾಂಪಿನ ಮೀನು ಮಾರುಕಟ್ಟೆಯಿಂದ ತರಿಸಿದ ಒಂದು ಬಂಗಡೆಯನ್ನು ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ಏನೂ ಸೋಕಿಸದೆ ಬರಿ ನೀರಿನಲ್ಲಿ ಬೇಯಿಸಿ ಬೆಚ್ಚಗಿದ್ದಾಗಲೇ ಇಟ್ಟೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಏಳು ಗಂಟೆ ನಲವತ್ತು ನಿಮಿಷಕ್ಕೆ ಬಾಗಿಲು ಬಿದ್ದ ಸದ್ದು ಕೇಳಿತು. ಓಡಿ ಹೋಗಿ ನೋಡಿದಾಗ ಬೆಕ್ಕು ಎರಡು ಸಲ ಜಾಳಿಗೆ ಅಪ್ಪಳಿಸಿ ಮೂರನೆಯ ಸಲಕ್ಕೆ ಮೈ ಕುಗ್ಗಿಸುತ್ತಿತ್ತು. ಅವ್ವ ಒಳಗಿನಿಂದ ತನ್ನ ಹಳೆಯ ಕೌದಿಯನ್ನು ತಂದು ನಾಲ್ಕೂ ಕಡೆ ಮುಚ್ಚಿದಳು. ಕತ್ತಲಾದೊಡನೆ ಸದ್ದಡಗಿತು. ಕೌದಿಯ ಅಂಚು ಸರಿಸಿ ನೋಡಿದರೆ, ಅರ್ಧ ತಿಂದ ಬಂಗಡೆಯ ಪಕ್ಕದಲ್ಲಿ ಅದು ಮುದುಡಿ ಕುಳಿತಿತ್ತು. ಒಳ್ಳೆಯ ಕಾಲಿನ ನಾಲ್ಕು ಬೆರಳುಗಳು ಮಾತ್ರ ತಂತಿಯನ್ನು ಬಿಗಿಯಾಗಿ ಹಿಡಿದಿದ್ದವು. ಹಿಡಿದ ಕೂಡಲೇ ಬೋನನ್ನು ಬಟ್ಟೆಯಿಂದ ಮುಚ್ಚುವುದನ್ನು ಯಾರೂ ಮರೆಯಬಾರದು.

ಬೆಳಿಗ್ಗೆ ಆಟೋದಲ್ಲಿ ದವಾಖಾನೆಗೆ ಒಯ್ದಾಗ ಬೋನಿನ ಉಳಿದ ಗುಣಗಳು ತಿಳಿದವು. ಬೆಕ್ಕನ್ನು ಯಾರೂ ಮುಟ್ಟದೆ ಜಾಳಿಯ ಮೂಲಕವೇ ಮತ್ತಿನ ಚುಚ್ಚುಮದ್ದು ಕೊಡಲು ಬಂದಿತು. ಮತ್ತೇರಿದ ಮೇಲೆ ಹಿಂದಿನ ಬಾಗಿಲಿನಿಂದ ಮೆಲ್ಲಗೆ ಹೊರತೆಗೆದರು. ಆರೋಗ್ಯವಂತ ಬೆಕ್ಕಿನ ಮೈಕಾವು 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಇದಕ್ಕೆ 40 ದಾಟಿತ್ತು. ಗಾಯ ತೊಳೆದು ಔಷಧ ಕೊಟ್ಟು, ರೇಬಿಸ್ ಲಸಿಕೆಯನ್ನೂ ಹಾಕಿದರು. ಮೊಲೆ ಪರೀಕ್ಷಿಸಿ, ಎಲ್ಲಿಯೂ ಮರಿಗಳಿಗೆ ಹಾಲೂಡುತ್ತಿಲ್ಲವೆಂದು ಖಚಿತಪಡಿಸಿಕೊಂಡರು. ಹೆಣ್ಣುಬೆಕ್ಕನ್ನು ಹಿಡಿಯುವ ಮೊದಲೇ ಇದನ್ನು ದೂರದಿಂದಲಾದರೂ ಗಮನಿಸಬೇಕು, ಇಲ್ಲವಾದರೆ ತಾಯಿ ಬೋನಿನಲ್ಲಿರುವಾಗ ಮರಿಗಳು ಎಲ್ಲೋ ಹಸಿದು ಸಾಯುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಗಾಯ ಮಾಗಿದ ಮೇಲೆ ಮಾಡೋಣವೆಂದು ಮೂರು ವಾರ ಮುಂದೂಡಿದರು.

ಬೋನಿನ ನಿಜವಾದ ಪರೀಕ್ಷೆ ನಡೆದದ್ದು ಆಗ. ಒಮ್ಮೆ ಸಿಕ್ಕಿಬಿದ್ದ ಬೆಕ್ಕು ಅದೇ ಬೋನಿಗೆ ಮತ್ತೆ ಬರುವುದು ಬಹಳ ಕಷ್ಟ. ನಾನು ಪುನಃ ಕೊಂಡಿ ಹಾಕಿ, ತಾಟನ್ನು ಮತ್ತೆ ಹೊರಗಿನಿಂದ ಆರಂಭಿಸಿದೆ. ಈ ಸಲ ಹನ್ನೊಂದು ದಿನ ಹಿಡಿಯಿತು, ಆದರೆ ಅದು ಬಂದಿತು. ಬೆಕ್ಕು ಗಬ್ಬವಾದರೆ ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ತಾನೂ ಗಬ್ಬವಾಗಬಲ್ಲದು. ಮಳೆಗಾಲದ ಚರಂಡಿಗಳಲ್ಲಿ ಆ ಮರಿಗಳ ಗತಿ ಏನಾಗುತ್ತದೆಂದು ಟಿಳಕವಾಡಿಯಲ್ಲಿ ಇರುವವರಿಗೆ ಹೇಳಬೇಕಿಲ್ಲ. ಮತ್ತಿನಲ್ಲಿದ್ದಾಗಲೇ ಎಡಗಿವಿಯ ತುದಿಯನ್ನು ಒಂದಿಷ್ಟು ಕತ್ತರಿಸಿದರು. ಮುಂದೆ ಯಾರಾದರೂ ಇದನ್ನು ಹಿಡಿದರೆ ಶಸ್ತ್ರಚಿಕಿತ್ಸೆ ಆಗಿದೆಯೆಂದು ಆ ಗುರುತು ತಿಳಿಸುತ್ತದೆ.

ಇನ್ನು ದೋಷಗಳು. ಹಿಂದಿನ ಬಾಗಿಲಿನ ಒಳಬದಿಯಲ್ಲಿ ತಂತಿಯ ತುದಿಗಳನ್ನು ಅರದಿಂದ ಉಜ್ಜಿರಲಿಲ್ಲ. ಮೊದಲ ರಾತ್ರಿಯೇ ಬೆಕ್ಕಿನ ಮೂಗು ತರಚಿತು. ಇದಕ್ಕೆ ನಾನೂ ಹೊಣೆ, ಮನೆಗೆ ತಂದಾಗ ಒಳಗೆ ಕೈಯಾಡಿಸಿ ನೋಡಬೇಕಿತ್ತು. ಬಾಗಿಲು ಬೀಳುವ ಸದ್ದು ಜೋರಾಗಿತ್ತು, ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ ಮೇಲೆ ತಗ್ಗಿತು. ಬೆಕ್ಕನ್ನು ಒಂದು ಮೂಲೆಗೆ ಒತ್ತರಿಸುವ ತಡೆಹಲಗೆ ಇರಲಿಲ್ಲ. ವೈದ್ಯರು ಹೇಳಿದ ಮೇಲೆ 250 ರೂಪಾಯಿ ಕೊಟ್ಟು ಮಾಡಿಸಿದೆ, ಮೊದಲೇ ಮಾಡಿಸುವುದು ಮೇಲು. ಹಿಂದವಾಡಿಯಲ್ಲಿ ಒಂದು ದೊಡ್ಡ ಗಂಡುಬೆಕ್ಕು ಹಲಗೆಯನ್ನು ತುಳಿಯದೆ ಅದರಾಚೆಗೆ ಕತ್ತು ಚಾಚಿ ತಿಂದು ಹೋಯಿತು. ತಾಟನ್ನು ಹಿಂದಿನ ಬಾಗಿಲಿಗೆ ತಾಗಿಸಿಟ್ಟಾಗ ಮೂರನೇ ದಿನ ಸಿಕ್ಕಿತು. ಹಿಡಿಕೆ ಬರಿ ಕಂಬಿಯದು, ಬೆಕ್ಕಿದ್ದಾಗ ಎತ್ತಿದರೆ ಅಂಗೈ ಕೊಯ್ಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ತುಕ್ಕು. ನಮ್ಮ ಊರಿನ ಮಳೆಗೆ ಕೆಂಪು ಪ್ರೈಮರ್ ಎರಡು ತಿಂಗಳೂ ತಡೆಯಲಿಲ್ಲ. ಮಾಡಿಸುವವರು ಜಸ್ತದ ಲೇಪವಿರುವ ಜಾಳಿಯನ್ನೇ ಹೇಳಿ ಹಾಕಿಸಿಕೊಳ್ಳಿ, ಬಣ್ಣ ಬಳಿಸಿದರೆ ವಾಸನೆ ಹೋಗುವವರೆಗೆ ವಾರಗಟ್ಟಲೆ ಬಿಸಿಲಿಗಿಡಿ.

ಬೋನನ್ನು ಕೇಳಿದವರಿಗೆ ನಾನು ಕೊಡುತ್ತೇನೆ, ಆದರೆ ಕೊಂಡಿ ತೆಗೆದ ಬೋನನ್ನು ಬಿಟ್ಟು ಎದ್ದು ಹೋಗಬಾರದೆಂದು ಹೇಳಿಯೇ ಕೊಡುತ್ತೇನೆ. ಬಿಸಿಲು, ಇರುವೆ, ನಾಯಿಗಳ ಕಾಟದಲ್ಲಿ ಸಿಕ್ಕಿಬಿದ್ದ ಬೆಕ್ಕು ಅರ್ಧ ತಾಸಿನಲ್ಲಿ ಹೈರಾಣಾಗುತ್ತದೆ. ಹಿಡಿದ ನಾಲ್ಕರಲ್ಲಿ ಒಂದು ಪಕ್ಕದ ಓಣಿಯವರ ಸಾಕುಬೆಕ್ಕಾಗಿತ್ತು. ಹತ್ತಿರವೇ ಕುಳಿತಿದ್ದರಿಂದ ಒಡನೆ ಬಿಟ್ಟೆವು. ಒಬ್ಬರು, ತಮ್ಮ ಅಂಗಳದ ಬೆಕ್ಕನ್ನು ಹಿಡಿದು ಊರ ಹೊರಗೆ ಬಿಟ್ಟು ಬರಲು ಬೋನು ಕೇಳಿದರು. ಕೊಡಲಿಲ್ಲ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕಿಗೆ ನೀರು, ಅನ್ನ, ಅಡಗುದಾಣ ಯಾವುದೂ ಗೊತ್ತಿರುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಅವರಿಗೆ ಈ ಮಾತನ್ನು ವಿನಯದಿಂದಲೇ ಹೇಳಿದೆ.

ದೋಷಗಳಿದ್ದರೂ ಈ ಬೋನಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅಪರಿಚಿತ ಬೆಕ್ಕನ್ನು ಕೈಯಿಂದ ಹಿಡಿಯಲು ಹೋಗುವ ಬದಲು ಎರಡು ಮೂರು ಮನೆಯವರು ಸೇರಿ ಇಂಥದೊಂದನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಅಳತೆಗೆ ನನ್ನ ಬೋನು ಬೇಕಾದರೆ ಅದೇ ಅಂಗಡಿಯವರ ಬಳಿ ಈಗಿದೆ. ಹಳೆಯ ಜಾಳಿ ತೆಗೆದು ಜಸ್ತದ್ದು ಹಾಕಲು, ಹಿಡಿಕೆಗೆ ರಬ್ಬರ್ ತೊಡಿಸಲು ಕಳೆದ ಸೋಮವಾರ ಕೊಟ್ಟು ಬಂದಿದ್ದೇನೆ. ಹಿತ್ತಲಿನಲ್ಲಿ ಬೋನಿದ್ದ ಜಾಗದಲ್ಲಿ ಸದ್ಯಕ್ಕೆ ಗೋಣಿಚೀಲವೊಂದೇ ಇದೆ. ಸಂಜೆ ಆರೂವರೆಗೆ ಬೆಕ್ಕು ಬಂದು, ಬಾಗಿಲಿದ್ದ ಕಡೆಯಿಂದಲೇ ಅದರ ಮೇಲೆ ಹತ್ತಿ ತಾಟಿಗಾಗಿ ಕುಳಿತುಕೊಳ್ಳುತ್ತಿದೆ.